ಮುಧೋಳ ಹೆಣ್ಣು ಕುನ್ನಿ ತರೋದೈತಿ: ಯಾರ ಹತ್ರ, ಯಾವ ಲೈನ್ (ವಂಶ)?

ಬೈಲಹೊಂಗಲ_ಹೊಲ
ನಮಸ್ಕಾರ್ರಿ ಎಲ್ಲಾರಿಗೂ. ಊರ ಹೊರಗ ಹೊಲದಾಗ ಮನಿ. ಮುಧೋಳ ತಳಿ ಬ್ಯಾಟಿ ನಾಯಿಯ ಹೆಣ್ಣು ಕುನ್ನಿ ಒಂದು ಬೇಕಾಗೈತಿ. ಹೊಸಬರು ಬಂದ್ರ ದೂರದಿಂದ ಗುರ್ತು ಹಿಡಿದು ಬೊಗಳಬೇಕು, ಮನಿ ಹುಡುಗರ ಜೋಡಿ ಹೊಂದಿಕೋಬೇಕು, ಹತ್ತು-ಹನ್ನೆರಡು ಜವಾರಿ ಕೋಳಿ ಅದಾವ, ಅವನ್ನ ಮುಟ್ಟಬಾರದು. ಓಟ, ಶೋ ಯಾವುದೂ ಬ್ಯಾಡ. ಮುಂದ ಒಂದೆರಡು ಸಲ ಮರಿ ಮಾಡಿಸೋ ವಿಚಾರ ಐತಿ. ಈಗ ಎರಡು ಕಡೆ ಮರಿ ಅದಾವ. ಲೋಕಾಪುರ ಕಡೆ ಒಬ್ಬರ ಹತ್ರ, ತಂದಿ ಓಟದಾಗ ಗೆದ್ದ ನಾಯಿ, ವಂಶಾವಳಿ ಕಾಗದ ಐತಿ ಅಂತಾರ, ಬೆಲಿ ಹೆಚ್ಚು. ಇನ್ನೊಂದು ಮುಧೋಳ ಹತ್ರದ ರೈತರ ಮನಿಯಾಗ, ತಾಯಿ ಅಲ್ಲೇ ಐತಿ, ಕಾಗದ ಇಲ್ಲ. ಇಬ್ಬರೂ "ಪ್ಯೂರ್ ಐತ್ರಿ" ಅಂತಾರ. ಹೆಂಗ ಆರಿಸಬೇಕು?

ಘಟಪ್ರಭಾ_ದಂಡಿ
ಕುನ್ನಿ ನೋಡಾಕ ಹೋಗಬ್ಯಾಡ್ರಿ, ತಾಯಿನ ನೋಡಾಕ ಹೋಗ್ರಿ. ಎರಡು ತಿಂಗಳ ಕುನ್ನಿ ಯಾವುದಾದ್ರೂ ಚಂದನ ಕಾಣತೈತಿ.

ತಾಯಿ ಇರೋ ಜಾಗದಿಂದ ಹತ್ತು ಮಾರು ದೂರ ನಿಂದರ್ರಿ. ಮುಧೋಳ ನಾಯಿ ಹೊಸಬರ ಮೈಮ್ಯಾಲ ಬಿದ್ದು ನೆಕ್ಕೋ ಜಾತಿ ಅಲ್ಲ. ನಿಂತು ನೋಡತೈತಿ, ನಾಕ ಸಲ ಬೊಗಳತೈತಿ, ಮಾಲಕರು ಸುಮ್ಮನಿರು ಅಂದ್ರ ಅಲ್ಲೇ ಕುಂತು ನಿಮ್ಮ ಮ್ಯಾಲ ಕಣ್ಣಿಟ್ಟಿರತೈತಿ. ನಿಮ್ಮ ಹೊಲಕ್ಕ ಬೇಕಾದದ್ದು ಇದು. ಬಾಲ ಹೊಟ್ಟಿ ಕೆಳಗ ತುರುಕಿ, ಗ್ವಾಡಿಗೆ ಒತ್ತಿಕೊಂಡು, ಉಚ್ಚಿ ಬಿಟ್ಟು, ಹತ್ರ ಹೋದ್ರ ಹಲ್ಲು ಕಿಸಿಯೋದು ಬ್ಯಾರೇನ. ಅದು ಅಂಜುಬುರುಕತನ. ಮಾರವ್ರು ಎರಡಕ್ಕೂ "ಭಾಳ ಖಡಕ್ ಐತ್ರಿ" ಅಂತ ಒಂದೇ ಹೆಸರು ಕೊಡ್ತಾರ. ಅಂಜು ತಾಯಿಯಿಂದ ಮರಿಗೆ ರಕ್ತದಾಗೂ ಬರತೈತಿ, ತಾಯಿ ಮಾಡೋದನ್ನ ನೋಡಿ ಕಲಿಯೋದ್ರಾಗೂ ಬರತೈತಿ. ಅಂಥ ತಾಯಿ ಇದ್ರ ಮರಿ ಎಷ್ಟು ಚಂದ ಇದ್ರೂ ತಿರುಗಿ ಬರ್ರಿ.

ಆಮ್ಯಾಲ ತಂದಿ. ತಂದಿ ನಾಯಿಕಿಂತ ಅದರ ಹಿಂದಿನ ಮರಿ ನೋಡೋದು ಉಪಯೋಗ. ಒಂದೂವರೆ-ಎರಡು ವರ್ಷದ ಮಕ್ಕಳು ಯಾರ್ಯಾರ ಮನಿಯಾಗ ಅದಾವ ಕೇಳ್ರಿ, ಎರಡು-ಮೂರು ನೋಡ್ರಿ. ಗಂಡು ನಾಯಿ ಸ್ವತಃ ಏನೈತಿ ಅನ್ನೋದು ಒಂದು, ಏನು ಕೊಡತೈತಿ ಅನ್ನೋದು ಇನ್ನೊಂದು. ಹಿಂದಿನ ಮರಿ ತೋರಿಸಾಕ ಒಲ್ಲೆ ಅನ್ನೋವ್ರ ಹತ್ರ ಯಾಕ ಅಂತ ಕೇಳಾಕ ನಾಚಬ್ಯಾಡ್ರಿ.

ಓಟದ_ಹುಚ್ಚ_ಜಮಖಂಡಿ
ಲೋಕಾಪುರದ್ದ ತಗೋರಿ. ಓಟದಾಗ ಗೆದ್ದೈತಿ ಅಂದ್ರ ಎದಿ, ಕಾಲು, ಉಸಿರು ಎಲ್ಲಾ ಪರೀಕ್ಷೆ ಆದಂಗ. ರೈತರ ಮನಿ ನಾಯಿ ಯಾವಾಗ ಪರೀಕ್ಷೆ ಆಗೈತಿ?

ಘಟಪ್ರಭಾ_ದಂಡಿ
ಓಟಕ್ಕ ಬೇಕಾಗಿದ್ರ ನಿಮ್ಮ ಮಾತು ಒಪ್ಪತಿದ್ದೆ ತಮ್ಮಾ. ಅವ್ರಿಗೆ ಬೇಕಾಗಿದ್ದು ಕೋಳಿ ಮುಟ್ಟದ ನಾಯಿ. ಓಡೋದನ್ನ ಕಂಡ ಕೂಡಲೆ ಬೆನ್ನು ಹತ್ತೋ ಚುರುಕಿಗೇ ನಾಕೈದು ತಲಿಮಾರು ಆರಿಸಿದ ಲೈನ್ ತಂದು ಕೋಳಿ ನಡುವ ಬಿಟ್ರ ಯಾರದು ತಪ್ಪು?

ಮತ್ತ ಇನ್ನೊಂದು. ಜಾತ್ರಿ ಓಟದ ನಾಯಿಗಳಾಗ ಗ್ರೇಹೌಂಡ್ ಅನ್ನೋ ವಿಲಾಯ್ತಿ ಓಟದ ನಾಯಿ ರಕ್ತ ಎಷ್ಟು ಸೇರೈತಿ ಅಂತ ನಿಮಗೂ ಗೊತ್ತೈತಿ.

ಓಟದ_ಹುಚ್ಚ_ಜಮಖಂಡಿ
ಗೊತ್ತೈತ್ರಿ ಕಾಕಾ. ಎಲ್ಲಾ ಅಲ್ಲ, ಕೆಲವು.

ನಿಡಗುಂದಿ_ನೆರಳು
ಗ್ರೇಹೌಂಡ್ ಕ್ರಾಸ್ ಹೆಂಗ ಗುರ್ತಿಸೋದು, ಯಾರರ ಬಿಡಿಸಿ ಹೇಳ್ರಿ. ಎತ್ತರ ಅಳಿದ್ರ ಗೊತ್ತಾಗತೈತಿ ಅಂತಾರಲ್ಲ?

ಗೋಕಾಕ_ಕರದಂಟು
ಎತ್ತರದಿಂದ ಆಗೋದಿಲ್ರಿ. ನಾಯಿ ತಳಿ ನೋಂದಾಯಿಸೋ ಕೆನೆಲ್ ಕ್ಲಬ್ ಆಫ್ ಇಂಡಿಯಾ ಈ ತಳಿನ "ಕ್ಯಾರವಾನ್ ಹೌಂಡ್" ಅಂತ ಕರೀತದ, ಅವರ ಮಾನದಂಡದಾಗ ಭುಜದ ಎತ್ತರ ಗಂಡಿಗೆ 68ರಿಂದ 72 ಸೆಂ.ಮೀ., ಹೆಣ್ಣಿಗೆ 64ರಿಂದ 68. ಗ್ರೇಹೌಂಡ್ ಗಂಡು 71-76. ಎರಡೂ ಒಂದರ ಮೇಲೊಂದು ಹಾಯ್ತಾವ, ಹಿಂಗಾಗಿ 72 ಇದ್ದ ನಾಯಿ ಯಾವುದೂ ಇರಬಹುದು.

ಬೆಳೆದ ನಾಯಿಯಾಗ ನೋಡೋದು ಕಿವಿ, ಬೆನ್ನು, ತೊಡಿ. ಮುಧೋಳದ ಕಿವಿ ಕಣ್ಣಿನ ಮಟ್ಟದಿಂದ ಇಳಿದು ತಲಿಗೆ ಅಂಟಿಕೊಂಡಂಗ ಜೋತು ಬಿದ್ದಿರತಾವ. ಗ್ರೇಹೌಂಡ್ ಕಿವಿ ಸಣ್ಣವು, ಹಿಂದಕ್ಕ ಮಡಚಿಕೊಂಡಿರತಾವ, ಒಳಗಿನ ಭಾಗ ಸ್ವಲ್ಪ ಕಾಣತದ. ಕ್ರಾಸ್‌ನಾಗ ಒಂದು ಕಿವಿ ಜೋತು, ಇನ್ನೊಂದು ಹಿಂದಕ್ಕ ಮಡಚಿದಂಗ ಇರೋದು ಭಾಳ ಸಲ ಕಾಣತದ. ಗ್ರೇಹೌಂಡ್ ಸೊಂಟ ಬಿಲ್ಲಿನಂಗ ಬಾಗಿರತದ, ತೊಡಿ ದಪ್ಪ ಮಾಂಸಖಂಡ. ಮುಧೋಳ ಎಲುಬಿನ ನಾಯಿ: ಸೊಂಟದ ಎರಡು ಎಲುಬು ಎದ್ದು ಕಾಣ್ತಾವ, ಕಡೇ ಪಕ್ಕೆಲುಬು ಕಾಣ್ತಾವ, ಮಾಂಸ ಉದ್ದಕ್ಕ ಹರಡಿರತದ, ಗಂಟು ಕಟ್ಟಿರೋದಿಲ್ಲ. ನಡಿಗಿನೂ ಬ್ಯಾರೆ, ನಾಕೂ ಕಾಲು ಎತ್ತಿ-ಎತ್ತಿ ಇಡತದ.

ಇದೆಲ್ಲಾ ಬೆಳೆದ ನಾಯಿಗೆ ಮಾತ್ರ. ಎಂಟು ವಾರದ ಕುನ್ನಿಯಾಗ ನಾಕನೇ ಒಂದು ಪಾಲು ಗ್ರೇಹೌಂಡ್ ಇದ್ರ ಕಣ್ಣಿನಿಂದ ಹೇಳಲಿಕ್ಕೆ ಯಾರಿಂದಲೂ ಆಗೋದಿಲ್ಲ, ಆಗತದ ಅನ್ನೋವ್ರನ್ನ ನಂಬಬ್ಯಾಡ್ರಿ. ಅದಕ್ಕ ದಂಡಿ ಕಾಕಾರು ಹೇಳಿದಂಗ ತಾಯಿ, ತಂದಿ, ಸಾಧ್ಯ ಆದ್ರ ತಾಯಿಯ ತಾಯಿ.

ಬಿಜಾಪುರ_ಬಿಸಿಲು
ಕೂದಲು ಉದ್ದ ಇದ್ರ ಕ್ರಾಸ್ ಅಂತಾರಲ್ರಿ? ಕಿವಿಗೆ, ಬಾಲಕ್ಕ ಜೂಲು ಇದ್ದ ಕುನ್ನಿ ಒಂದು ಕಡೆ ಕಡಿಮಿ ಬೆಲಿಗೆ ಕೊಡಾಕ ಹತ್ತ್ಯಾರ.

ಗೋಕಾಕ_ಕರದಂಟು
ಅದು ಪಶ್ಮಿ, ಇದೇ ತಳಿಯಾಗ ಜೂಲು ಇರೋ ಬಗಿ. ಕ್ರಾಸ್ ಅಂತ ಹೇಳಲಿಕ್ಕೆ ಬರೋದಿಲ್ಲ. ಸಾಲುಕಿಯಂಥ ಬ್ಯಾಟಿ ನಾಯಿಗಳಾಗ ಜೂಲಿನ ಗುಣ ಅಡಗಿ ಬರೋದು. ತಾಯಿ-ತಂದಿ ಇಬ್ಬರೂ ನುಣುಪು ಮೈಯವರಾಗಿದ್ರೂ ಇಬ್ಬರೊಳಗೂ ಆ ಗುಣ ಅಡಗಿದ್ರ ನಾಕರಾಗ ಒಂದು ಮರಿಗೆ ಜೂಲು ಬರೋ ಸಾಧ್ಯತೆ ಅದ. ಮೈಗೆ ಏನೂ ದೋಷ ಇಲ್ಲ. ಮುಂದ ಮರಿ ಮಾಡಿಸೋವಾಗ ನುಣುಪೇ ಬೇಕಂದ್ರ ಮಾತ್ರ ಲೆಕ್ಕಕ್ಕ ತಗೋರಿ.

ಬಣ್ಣದ ಮಾತೂ ಇಲ್ಲೇ ಮುಗಿಸಿಬಿಡತೀನಿ. ಕೆಂಪು, ಕಪ್ಪು, ಹಳದಿಮಿಶ್ರ ಕಂದು, ಹುಲಿಪಟ್ಟಿ ಯಾವುದೂ ಶುದ್ಧತೆಗೆ ಸಾಕ್ಷಿ ಅಲ್ಲ. ಎರಡು ಬಣ್ಣಕ್ಕ ಮಾತ್ರ ಎಚ್ಚರ. ನೀಲಿಬೂದು ಬಣ್ಣದ ನಾಯಿಗಳಾಗ ಕೆಲವಕ್ಕ ಒಂದು ವರ್ಷದ ಆಸುಪಾಸಿನಾಗ ಬೆನ್ನಿನ ಕೂದಲು ತೆಳ್ಳಗಾಗಿ ಉದುರೋ ತ್ರಾಸು ಬರತದ, ಅದಕ್ಕ ಔಷಧ ಇಲ್ಲ. ಆ ಬಣ್ಣದ ತಾಯಿ-ತಂದಿ ಇದ್ರ ಬೆನ್ನು ಸವರಿ ನೋಡ್ರಿ. ಮತ್ತ ತಲಿ-ಕಿವಿ ಎಲ್ಲಾ ಬೆಳ್ಳಗ ಇದ್ದ ಕುನ್ನಿ ಆದ್ರ ಕಿವಿ ಕೇಳತದೋ ಇಲ್ಲೋ ನೋಡಿ ತಗೋಬೇಕು, ಅದು ಮಲಗಿದಾಗ ಹಿಂದಿನಿಂದ ಕೀಲಿಕೈ ಗೊಂಚಲು ಅಲ್ಲಾಡಿಸಿ. ಚಪ್ಪಾಳೆ ಹೊಡೀಬ್ಯಾಡ್ರಿ, ಗಾಳಿ ಬಡದ್ರೂ ಎಚ್ಚರ ಆಗತದ.

ಪಶುವೈದ್ಯ_ವಿಜಯಪುರ
ಮೇಲಿನ ಮಾತುಗಳು ಸರಿ ಇವೆ. ಆರೋಗ್ಯದ ಭಾಗ ನಾನು ಸೇರಿಸುತ್ತೇನೆ, ಏಕೆಂದರೆ "ಲೈನ್" ನೋಡುವ ಭರದಲ್ಲಿ ಜನ ಇದನ್ನೇ ಬಿಡುತ್ತಾರೆ.

ವಯಸ್ಸಿನಲ್ಲಿ ಆಗುವಷ್ಟು ಮೋಸ ಬೇರೆಲ್ಲೂ ಆಗುವುದಿಲ್ಲ. ನಾಯಿಯ ಗರ್ಭ ಸುಮಾರು 63 ದಿನ, ಕೂಡಿಸಿದ ದಿನದಿಂದ ಎಣಿಸಿದರೆ 58ರಿಂದ 68ರ ಒಳಗೆ. ಹೀಗಾಗಿ ಮಾರುವವರನ್ನು ಮೊದಲು ಕೇಳಬೇಕಾದದ್ದು ಕೂಡಿಸಿದ ತಾರೀಖು. ಜೂನ್ 10ಕ್ಕೆ ಕೂಡಿಸಿದ್ದರೆ ಆಗಸ್ಟ್ 12ರ ಸುಮಾರಿಗೆ ಮರಿ, ಎಂಟು ವಾರ ತುಂಬುವುದು ಅಕ್ಟೋಬರ್ 7ಕ್ಕೆ. ಅದೇ ಮರಿಯನ್ನು ಸೆಪ್ಟೆಂಬರ್ 15ಕ್ಕೆ "ಎರಡು ತಿಂಗಳು ಆತ್ರಿ" ಎಂದು ಕೊಡಲು ಬಂದರೆ ಅದಕ್ಕೆ 34 ದಿನ, ಐದು ವಾರವೂ ಆಗಿಲ್ಲ. ಬಾಯಿ ತೆರೆದು ನೋಡಿ. ಹಾಲುಹಲ್ಲು ಒಟ್ಟು 28, ಎಂಟು ವಾರಕ್ಕೆ ಎಲ್ಲವೂ ಬಂದಿರುತ್ತವೆ. ಮುಂದಿನ ಹಲ್ಲು ಮತ್ತು ಕೋರೆ ಬಂದು ಹಿಂದಿನವು ಇನ್ನೂ ಒಸಡಿನಲ್ಲೇ ಇದ್ದರೆ ಮರಿ ನಾಲ್ಕೈದು ವಾರದ್ದು. ಆ ವಯಸ್ಸಿಗೆ ತಾಯಿಯಿಂದ ಬಿಡಿಸಿದ ಮರಿ ಕಚ್ಚುವ ಬಲ ಎಷ್ಟಿರಬೇಕು ಎಂಬುದನ್ನು ಒಡಹುಟ್ಟಿದವುಗಳಿಂದ ಕಲಿತೇ ಇರುವುದಿಲ್ಲ, ಮನೆಯ ಮಕ್ಕಳ ಕೈಮೇಲೆ ಕಲಿಯುತ್ತದೆ. 2017ರ ನಾಯಿ ತಳಿ ಸಾಕಣೆ ಮತ್ತು ಮಾರಾಟ ನಿಯಮದ ಪ್ರಕಾರವೂ ಎಂಟು ವಾರದ ಒಳಗಿನ ಮರಿ ಮಾರುವಂತಿಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು.

ಇನ್ನು ಲಸಿಕೆ ಕಾರ್ಡು. ಬರೀ ಪೆನ್ನಿನಲ್ಲಿ ಬರೆದ ತಾರೀಖು ಸಾಲದು, ಬಾಟಲಿಯ ಸ್ಟಿಕ್ಕರ್ ಅಂಟಿಸಿರಬೇಕು, ಅದರಲ್ಲಿ ಬ್ಯಾಚ್ ನಂಬರ್ ಇರುತ್ತದೆ. ಆರರಿಂದ ಎಂಟು ವಾರಕ್ಕೆ ಮೊದಲ ಡೋಸ್, ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. ಎಂಟು ವಾರದ ಮರಿಯ ಕಾರ್ಡಿನಲ್ಲಿ ರೇಬೀಸ್ ಸ್ಟಿಕ್ಕರ್ ಇದ್ದರೆ ಅನುಮಾನ ಪಡಿ, ಅದು ಮೂರು ತಿಂಗಳಿಗೆ ಹಾಕುವಂಥದ್ದು. ಒಂದೋ ವಯಸ್ಸು ಸುಳ್ಳು, ಇಲ್ಲವೇ ಕಾರ್ಡು ಬೇರೆ ಮರಿಯದು. ಜಂತಿನ ಔಷಧ ಎರಡು ವಾರದಿಂದಲೇ ಶುರುವಾಗಿ ಹದಿನೈದು ದಿನಕ್ಕೊಮ್ಮೆ ಆಗಿರಬೇಕು. ಮೈ ಬಡಕಲಾಗಿ ಹೊಟ್ಟೆ ಮಾತ್ರ ಮಡಕೆಯಂತಿದ್ದರೆ ಆಗಿಲ್ಲ ಎಂದೇ ಅರ್ಥ.

ತಾಯಿಯ ಬಗ್ಗೆ ಮೂರು ಪ್ರಶ್ನೆ ಸಾಕು. ಇದು ಎಷ್ಟನೇ ಸಲ? ಹಿಂದಿನ ಸಲ ಎಷ್ಟು ಹುಟ್ಟಿ ಎಷ್ಟು ಉಳಿದವು? ಹಿಂದಿನ ಹೆರಿಗೆ ಯಾವಾಗ? ಒಂದೂವರೆ ವರ್ಷ ತುಂಬದ ಹೆಣ್ಣು, ವರ್ಷಕ್ಕೆ ಎರಡು ಸಲ ಈಯಿಸಿದ ಹೆಣ್ಣು ಇದ್ದಲ್ಲಿ ತೆಗೆದುಕೊಳ್ಳಬೇಡಿ, ನಿಯಮವೂ ಅದನ್ನೇ ಹೇಳುತ್ತದೆ.

ಬೈಲಹೊಂಗಲ_ಹೊಲ
ಉಪಕಾರ ಆತ್ರಿ ಡಾಕ್ಟ್ರ. ಲೋಕಾಪುರದವ್ರು ಫೋನಿನ್ಯಾಗ ಹೇಳಿದ್ದು: ಇದು ತಂದಿ ನಾಯಿನ ಅದರ ಮಗಳಿಗೇ ಕೂಡಿಸಿ ತೆಗೆದ ಮರಿ, "ಲೈನ್ ಗಟ್ಟಿ ಮಾಡೇವಿ" ಅಂದ್ರು. ಇದು ಚಲೋನೋ ಕೆಟ್ಟದೋ?

ಗೋಕಾಕ_ಕರದಂಟು
ನಿಮಗ ಕೆಟ್ಟದ್ದ.

ಲೆಕ್ಕ ಹಿಂಗದ. ತಂದಿ-ತಾಯಿ ಇಬ್ಬರ ಕಡೆಯಿಂದಲೂ ಒಂದೇ ನಾಯಿ ಬಂದಿದ್ರ, ತಂದಿಯಿಂದ ಅದಕ್ಕ ಎಷ್ಟು ಮೆಟ್ಟಿಲು, ತಾಯಿಯಿಂದ ಅದಕ್ಕ ಎಷ್ಟು ಮೆಟ್ಟಿಲು ಎಣಿಸಿ, ಕೂಡಿಸಿ, ಒಂದು ಸೇರಿಸಿ. ಅಷ್ಟು ಸಲ ಒಂದನ್ನ ಅರ್ಧ ಮಾಡ್ಕೋತ ಹೋಗ್ರಿ. ತಂದಿ-ತಾಯಿ ಇಬ್ಬರಿಗೂ ಅಪ್ಪ ಒಬ್ಬನೇ, ಅಂದ್ರ ಅವು ಮಲ ಅಣ್ಣ-ತಂಗಿ ಇದ್ದಂಗ: 1+1+1, ಮೂರು ಸಲ ಅರ್ಧ, 12.5%. ತಂದಿಗೆ ಅಪ್ಪ, ತಾಯಿಗೆ ಅಜ್ಜ ಆಗಿದ್ರ 6.25%. ಇಬ್ಬರಿಗೂ ಅಜ್ಜ ಆಗಿದ್ರ 3.125%. ನಿಮಗ ಹೇಳಿದ್ದು ತಂದಿ-ಮಗಳು, ಅದು 0+1+1, ಎರಡು ಸಲ ಅರ್ಧ, 25%. ಸ್ವಂತ ಅಣ್ಣ-ತಂಗಿ ಕೂಡಿಸಿದಷ್ಟೇ.

25% ಅಂದ್ರ ಮರಿಯ ವಂಶವಾಹಿಯಾಗ ನಾಕನೇ ಒಂದು ಪಾಲು ಎರಡೂ ಕಡೆಯಿಂದ ಒಂದೇ ಪ್ರತಿ ಬರೋ ಅಂದಾಜು. ಚಲೋ ಗುಣದ್ದು ಎರಡು ಪ್ರತಿ ಬಂದ್ರ ಗಟ್ಟಿ ಆಗೋದು ಖರೆ. ಅಡಗಿಕೊಂಡ ರೋಗದ್ದು ಎರಡು ಪ್ರತಿ ಬಂದ್ರ ಅದೂ ಗಟ್ಟಿ ಆಗತದ. ಯಾವುದು ಬಂತು ಅಂತ ಆರಿಸೋ ಅಧಿಕಾರ ಮಾಲಕರ ಕೈಯಾಗಿಲ್ಲ. ಕಾಣೋ ಲಕ್ಷಣ: ಮರಿ ಎಣಿಕೆ ಕಡಿಮಿ ಆಗತದ, ಮೊದಲ ವಾರದಾಗ ಸಾಯೋದು ಹೆಚ್ಚಾಗತದ, ಗಂಡಿಗೆ ಒಂದ ಬೀಜ ಇಳಿದಿರತದ, ಕೆಳಗಿನ ದವಡೆ ಮುಂದ ಬರತದ.

ಮತ್ತ ನಿಮಗ ಮುಂದ ಮರಿ ಮಾಡಿಸೋ ಆಸೆ ಅದ ಅಂದ್ರಿ. ಈ ಕುನ್ನಿಗೆ ನೆಂಟಸ್ತನ ಇಲ್ಲದ ಗಂಡು ಹುಡುಕಿದ್ರ ಇದರ ಮರಿಗಳ ಲೆಕ್ಕ ಸೊನ್ನೆಗೆ ಬರತದ, ಅದು ಸಮಾಧಾನ. ಆದ್ರ ಮುಧೋಳ ಸುತ್ತ ಹತ್ತು ಹಳ್ಳಿಯಾಗ ಆ ಗೆದ್ದ ನಾಯಿಯ ಮಕ್ಕಳೇ ತುಂಬಿದ್ರ ನೆಂಟಸ್ತನ ಇಲ್ಲದ ಗಂಡು ಎಲ್ಲಿಂದ ತರ್ತೀರಿ? ಒಂದು ನಾಯಿ ಗೆದ್ದ ಕೂಡಲೆ ಎಲ್ಲಾರೂ ಅದರ ಹತ್ರನೇ ಹೋಗೋದ್ರಿಂದ ಆಗೋ ಹಾನಿ ಇದು. ಹೆಸರು ಕೇಳಿ ಬರದು ಇಟ್ಟುಕೊಳ್ರಿ: ಕುನ್ನಿಯ ತಂದಿ, ತಾಯಿ, ನಾಕು ಅಜ್ಜ-ಅಮ್ಮ. ಆರು ಹೆಸರು, ಆರು ಊರು. ಎರಡೂ ಕಡೆಯವ್ರ ಹತ್ರ ಕೇಳ್ರಿ, ಕಾಗದ ಇರಲಿ ಬಿಡಲಿ.

ಓಟದ_ಹುಚ್ಚ_ಜಮಖಂಡಿ
25% ಅಂತ ಕೇಳಿದ ಮ್ಯಾಲ ಲೋಕಾಪುರದ ಮಾತು ಹಿಂದಕ್ಕ ತಗೊಂಡೆ.

ಘಟಪ್ರಭಾ_ದಂಡಿ
ಅಕ್ಕಾರು ಹೇಳಿದ ಆರು ಹೆಸರಿನ ಮಾತಿಗೆ ನಂದೊಂದು ಸೇರಿಸ್ತೀನಿ. "ಅರಮನಿ ಲೈನ್", "ಘೋರ್ಪಡೆ ಮಹಾರಾಜರ ಕಾಲದ ರಕ್ತ" ಅಂತ ಹೇಳಿ ಬೆಲಿ ಏರಿಸೋರು ಅದಾರ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಅವರು ಈ ತಳಿ ಬೆಳೆಸಿದ್ದು, ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಜೋಡಿ ಕೊಟ್ಟಿದ್ದು ಇತಿಹಾಸ. 2005ರಾಗ ಅಂಚೆ ಇಲಾಖೆ ಐದು ರೂಪಾಯಿ ಚೀಟಿನೂ ತಂದೈತಿ. ಅದು ಊರಿಗೆ ಬಂದ ಹೆಸರು, ಈ ಕುನ್ನಿಗೆ ಅಲ್ಲ. ಅರಮನಿ ಅಂದವ್ರಿಗೆ ಕುನ್ನಿಯಿಂದ ಹಿಂದಕ್ಕ ಹೆಸರು ಹೇಳ್ರಿ ಅನ್ನಿ. ಮೂರನೇ ತಲಿಮಾರಿಗೆ ಚಾ ತರಿಸ್ತಾರ.

ಬಿಜಾಪುರ_ಬಿಸಿಲು
😂 ಚಾ ಆದ್ರೂ ಸಿಕ್ತಲ್ರಿ

ನಿಡಗುಂದಿ_ನೆರಳು
ಬಾಯಿ ಅಂಗಳು ಕಪ್ಪು ಇದ್ರ ಖಡಕ್, ಕಾಲಿಗೆ ಇಪ್ಪತ್ತು ಉಗುರು ಇದ್ರ ಶುದ್ಧ, ಬಾಲ ಹಿಡಿದು ಎತ್ತಿದ್ರ ಅಳದ ಕುನ್ನಿ ಧೈರ್ಯದ್ದು ಅಂತ ಹಿರೇರು ಹೇಳ್ತಾರ. ಇದ್ರಾಗ ಏನರ ಹುರುಳೈತೇನು?

ಪಶುವೈದ್ಯ_ವಿಜಯಪುರ
ಮೂರರಲ್ಲೂ ಇಲ್ಲ. ಅಂಗಳಿನ ಕಪ್ಪು ಬರೀ ಚರ್ಮದ ಬಣ್ಣ. ನಾಯಿಗೆ ಸಾಮಾನ್ಯವಾಗಿ 18 ಉಗುರು, ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕ್ನಾಲ್ಕು. ಹಿಂಗಾಲಿನಲ್ಲಿ ಹೆಚ್ಚಿನ ಬೆರಳು ಇದ್ದರೆ ಇಪ್ಪತ್ತು, ಅದು ಯಾವ ಜಾತಿಯಲ್ಲೂ ಬರಬಹುದು. ಹೊಲದಲ್ಲಿ ಓಡುವ ನಾಯಿಗೆ ಅದು ಜಾಲಿಮುಳ್ಳಿಗೆ ಸಿಕ್ಕಿ ಹರಿಯುವುದೇ ಹೆಚ್ಚು. ಬಾಲ ಹಿಡಿದು ಎತ್ತುವುದಂತೂ ಬೇಡವೇ ಬೇಡ, ಬಾಲದ ಎಲುಬು ಬೆನ್ನೆಲುಬಿನ ತುದಿಗೆ ಸೇರಿದೆ. ಮಾರುವವರು ಹಾಗೆ ಎತ್ತಿ ತೋರಿಸಿದರೆ ಉಳಿದ ದಿನ ಮರಿಗಳನ್ನು ಹೇಗೆ ನೋಡಿಕೊಂಡಿರಬಹುದು ಎಂಬುದು ನಿಮಗೆ ತಿಳಿದುಹೋಯಿತು.

ಧೈರ್ಯ ನೋಡಬೇಕೆಂದರೆ ಸ್ಟೀಲಿನ ತಾಟು ಒಂದು ಸಾಕು. ಏಳು-ಎಂಟು ವಾರದ ಮರಿಗಳು ಉಂಡು ಅರ್ಧ ತಾಸು ಆದಮೇಲೆ, ಅವು ಆಡುತ್ತಿರುವಾಗ, ನಾಲ್ಕೈದು ಅಡಿ ದೂರದಲ್ಲಿ ಸೊಂಟದೆತ್ತರದಿಂದ ತಾಟು ನೆಲಕ್ಕೆ ಬಿಡಿ. ಎಲ್ಲವೂ ಬೆಚ್ಚುತ್ತವೆ, ಬೆಚ್ಚಬೇಕು ಕೂಡ. ನೋಡಬೇಕಾದದ್ದು ಆಮೇಲಿನದು. ಒಂದು ಮರಿ ಕಿವಿ ನಿಮಿರಿಸಿ, ಎರಡು ಹೆಜ್ಜೆ ಹಿಂದೆ ಹೋಗಿ, ಕುತ್ತಿಗೆ ಚಾಚಿ, ಅರ್ಧ ನಿಮಿಷದಲ್ಲಿ ತಾಟು ಮೂಸಲು ಬರುತ್ತದೆ. ಇನ್ನೊಂದು ತಾಟನ್ನು ಗಮನಿಸದೇ ಒಡಹುಟ್ಟಿದ್ದರ ಕಿವಿ ಕಚ್ಚುತ್ತಲೇ ಇರುತ್ತದೆ, ಅದಕ್ಕೆ ಕಿವಿ ಕೇಳುತ್ತದೆಯೇ ಎಂದು ಬೇರೆಯಾಗಿ ನೋಡಬೇಕು. ಮತ್ತೊಂದು ಮೂಲೆ ಸೇರಿ ಐದು ನಿಮಿಷವಾದರೂ ಹೊರಬರುವುದಿಲ್ಲ. ನಿಮ್ಮ ಮನೆಗೆ ಮೊದಲನೆಯದು. ಸಾಧ್ಯವಾದರೆ ಎರಡು ದಿನ ಬಿಟ್ಟು ಮತ್ತೆ ನೋಡಿ, ನಿದ್ದೆಗಣ್ಣಿನ ಮರಿಯನ್ನು ಒಂದೇ ಸಲಕ್ಕೆ ಅಳೆಯುವುದು ತಪ್ಪು.

ಬೈಲಹೊಂಗಲ_ಹೊಲ
ಕೋಳಿ ಮಾತು ಯಾರೂ ಪೂರಾ ಹೇಳಲಿಲ್ಲ. ಕೋಳಿ ಮುಟ್ಟದ ಲೈನ್ ಅಂತ ಐತೇನು?

ಘಟಪ್ರಭಾ_ದಂಡಿ
ಮುಟ್ಟೋದೇ ಇಲ್ಲ ಅಂತ ಬರದು ಕೊಡೋ ಲೈನ್ ಇಲ್ಲ. ಇದು ಕಣ್ಣಿನಿಂದ ಬ್ಯಾಟಿ ಮಾಡೋ ನಾಯಿ. ಸುಮ್ಮನ ಕುಂತ ಕೋಳಿ ಅದಕ್ಕ ಕೋಳಿ, ರೆಕ್ಕಿ ಬಡದು ಓಡಿದ ಕೋಳಿ ಬ್ಯಾಟಿ. ಹೆಚ್ಚು-ಕಡಿಮಿ ಮಾತ್ರ ಐತಿ, ಅದನ್ನ ತಾಯಿ ಇರೋ ಅಂಗಳದಾಗ ನೋಡ್ರಿ. ರೈತರ ಮನಿಯಾಗ ತಾಯಿ ಬಿಟ್ಟಾಗ ಕೋಳಿ ಅದರ ಮುಂದ ಕಾಳು ಆರಸ್ತಾವೇನು? ಕೋಳಿ ಹಾರಿದಾಗ ನಾಯಿ ಬರೇ ನೋಡತೈತೋ, ಎದ್ದು ನಿಂತು ಮೈ ಬಿಗಿ ಮಾಡತೈತೋ? ಕೋಳಿ ಇರೋ ಅಂಗಳದಾಗ ಹುಟ್ಟಿ ಎಂಟು ವಾರ ಕಳೆದ ಕುನ್ನಿ ನಿಮಗ ಅರ್ಧ ಕೆಲಸ ಮುಗಿಸಿ ಬಂದಂಗ.

ಉಳಿದರ್ಧ ನಿಮ್ಮದು. ತಂದ ದಿನದಿಂದ ನಾಕು ತಿಂಗಳ ತನಕ ದಿನಾ ಎರಡು ಸಲ ಹತ್ತು ನಿಮಿಷ ಹಗ್ಗ ಹಾಕಿ ಕೋಳಿ ಹತ್ರ ಕೂಡಸ್ರಿ. ಕೋಳಿ ಬಿಟ್ಟು ನಿಮ್ಮ ಮುಖ ನೋಡಿದ ಕೂಡಲೆ ಬಾಯಿಗೆ ತುಣುಕು ಕೊಡ್ರಿ. ಹುಡುಗರು ಕೋಳಿ ಓಡಿಸೋದನ್ನ ಕುನ್ನಿ ಮುಂದ ಮಾಡಬಾರದು, ಅದನ್ನ ಒಂದು ಸಲ ನೋಡಿ ಕಲಿತ್ರ ಬಿಡಿಸೋದು ಕಷ್ಟ. ಒಂದು ವರ್ಷ ಆಗೋ ತನಕ ನೀವು ಇಲ್ಲದಾಗ ಎರಡನ್ನೂ ಒಂದೇ ಕಡೆ ಬಿಡಬ್ಯಾಡ್ರಿ. ಎರಡು ನಾಯಿ ಇದ್ರ ಅಂತೂ ಯಾವತ್ತೂ ಬ್ಯಾಡ, ಒಂದೊಂದು ಸುಮ್ಮನಿದ್ದದ್ದು ಜೋಡಿ ಆದ್ರ ಬ್ಯಾಟಿ ಆಗತೈತಿ. ಹೊಲದಾಗ ಮೊಲದ ಬೆನ್ನು ಹತ್ತಿಸೋದೂ ಬ್ಯಾಡ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಬಿಜಾಪುರ_ಬಿಸಿಲು
ರೈತರ ಮನಿ ಕುನ್ನಿಗಳಾಗ ಮುಂಗಾಲು ಸೊಟ್ಟ ಇರೋದು ಭಾಳ ನೋಡಾಕ ಸಿಗತೈತಿ. ಅದು ಲೈನ್ ದೋಷ ಅಲ್ಲೇನು?

ಪಶುವೈದ್ಯ_ವಿಜಯಪುರ
ಒಂದೇ ಹೆರಿಗೆಯ ಎಲ್ಲ ಮರಿಗಳ ಕಾಲೂ ಬಾಗಿದ್ದರೆ ಮೊದಲು ಅವುಗಳ ಊಟ ನೋಡಿ, ಆಮೇಲೆ ವಂಶ. ಜೋಳದ ರೊಟ್ಟಿ ಮತ್ತು ನೀರು ಮಜ್ಜಿಗೆ ಮಾತ್ರ ತಿಂದು ಬೆಳೆವ ಮರಿಗೆ ಸುಣ್ಣದಂಶ ಮತ್ತು ಪ್ರೋಟೀನ್ ಎರಡೂ ಸಾಲುವುದಿಲ್ಲ. ಎಲುಬಿಲ್ಲದ ಮಾಂಸ ಮಾತ್ರ ಹಾಕಿ ಸಾಕಿದರೂ ಹೀಗೇ ಆಗುತ್ತದೆ, ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ. ಮಣಿಕಟ್ಟು ದಪ್ಪ, ಪಾದ ಅಗಲ, ಮರಿ ಓಡಲು ಬೇಸರ ಪಡುವುದು ಇದರ ಲಕ್ಷಣ. ಎಂಟು ವಾರಕ್ಕೆ ಗುರುತಿಸಿ ಊಟ ಸರಿ ಮಾಡಿದರೆ ಬಹಳಷ್ಟು ನೆಟ್ಟಗಾಗುತ್ತದೆ. ಒಂದೇ ಮರಿಯದು, ಒಂದೇ ಕಾಲು ಬಾಗಿದ್ದರೆ ಪೆಟ್ಟು ಬಿದ್ದು ಬೆಳವಣಿಗೆಯ ಜಾಗ ಮುಚ್ಚಿರಬಹುದು, ಅದು ನೆಟ್ಟಗಾಗುವುದಿಲ್ಲ. ಕ್ಯಾಲ್ಸಿಯಂ ಸಿರಪ್ ಎಂದು ಬಾಟಲಿಗಟ್ಟಲೆ ಸುರಿಯುವುದೂ ಬೇಡ, ಹೆಚ್ಚಾದರೂ ಎಲುಬು ಕೆಡುತ್ತದೆ.

ಒಂದು ಪಕ್ಕದ ಮಾತು: ಮುಧೋಳ ನಾಯಿಯ ಪಕ್ಕೆಲುಬು ಕಾಣುವುದು ಅದರ ಮೈಕಟ್ಟು. ಬೆಳಗಾವಿ ಪೇಟೆಗೆ ಹೋದ ಮರಿಗಳನ್ನು ಲ್ಯಾಬ್ರಡಾರ್‌ನಂತೆ ದುಂಡಗೆ ಮಾಡಲು ಹೋಗಿ ಕೀಲು ಹಾಳು ಮಾಡುತ್ತಾರೆ.

ನಿಡಗುಂದಿ_ನೆರಳು
ಕಾಗದದ ಬಗ್ಗೆ ಯಾರೂ ಹೇಳಲಿಲ್ಲ. ಬೆಲಿ ಎಲ್ಲಾ ಅದರ ಮ್ಯಾಲೇ ಐತಿ.

ಗೋಕಾಕ_ಕರದಂಟು
ಕಾಗದ ಅಂದ್ರ ಮಾಲಕರು ಹೇಳಿದ್ದನ್ನ ಒಂದು ಸಂಸ್ಥೆ ಬರಕೊಂಡಿದ್ದು. ಸುಳ್ಳು ಅಂತಲ್ಲ, ಬರಕೊಂಡವ್ರು ಕೂಡಿಸೋವಾಗ ನಿಂತು ನೋಡಿರೋದಿಲ್ಲ. ಉಪಯೋಗ ಇರೋದು ಆರು ಹೆಸರು ಕೂತಲ್ಲೇ ಸಿಗತಾವ ಅನ್ನೋದ್ರಾಗ, ನೆಂಟಸ್ತನದ ಲೆಕ್ಕ ಹಾಕಲಿಕ್ಕೆ. ನೋಡೋವಾಗ ಮೈಕ್ರೋಚಿಪ್‌ನ 15 ಅಂಕಿ ಕಾಗದದ ಮೇಲಿನದು ಮತ್ತ ಸ್ಕ್ಯಾನರ್ ತೋರಿಸಿದ್ದು ಒಂದೇ ಇರಬೇಕು, ತಾಯಿಗೂ ಸ್ಕ್ಯಾನ್ ಮಾಡಿಸ್ರಿ. ಹೆಸರು ಎರಡು ಇರತಾವ ಅಂತ ಗಾಬರಿ ಬ್ಯಾಡ: ಒಂದು ಕ್ಲಬ್ಬಿನವ್ರು ಕ್ಯಾರವಾನ್ ಹೌಂಡ್ ಅಂತಾರ, ಇನ್ನೊಂದು ಕ್ಲಬ್ಬಿನವ್ರು ಮುಧೋಳ ಹೌಂಡ್ ಅಂತಾರ.

ಪೂರಾ ಖಾತ್ರಿ ಬೇಕಂದ್ರ ತಾಯಿ, ತಂದಿ, ಕುನ್ನಿ ಮೂರರ ಗಲ್ಲದ ಒಳಗಿನ ಹತ್ತಿ ಮಾದರಿ ತಗೊಂಡು ಡಿಎನ್ಎ ಪರೀಕ್ಷೆ ಮಾಡಿಸಿದ್ರ ಇದು ಇವರದೇ ಮರಿ ಹೌದೋ ಅಲ್ಲೋ ಗೊತ್ತಾಗತದ. ಒಂದೇ ಹೆರಿಗೆಯಾಗ ಎರಡು ತಂದಿಯ ಮರಿ ಇರಬಹುದು ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ಬೆದಿಗೆ ಬಂದ ಹೆಣ್ಣಿಗೆ ಬುಧವಾರ ಚಲೋ ಗಂಡು ಕೂಡಿಸಿ, ಶುಕ್ರವಾರ ಹಗ್ಗ ಹರಕೊಂಡು ಓಣಿ ನಾಯಿ ಜೋಡಿ ಹೋದ್ರ ಎರಡರ ಮರಿನೂ ಹುಟ್ಟತಾವ. ಹಿಂಗಾಗಿ ಕೇಳ್ರಿ: ಆ ಮೂರು ವಾರ ಹೆಣ್ಣನ್ನ ಎಲ್ಲಿ ಇಟ್ಟಿದ್ರಿ? ಬಾಗಿಲು ಇದ್ದ ಕ್ವಾಣಿಯಾಗೋ, ಬರೀ ಗಿಡಕ್ಕ ಕಟ್ಟಿದ್ರೋ?

ತಿಮ್ಮಾಪುರದಾಗ ಬೀದರ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಅದ. ಅಲ್ಲಿ ಹೋಗಿ ನಾಕು ಬೆಳೆದ ನಾಯಿ ನಿಂತು ನೋಡಿ ಬರ್ರಿ, ಕಣ್ಣಿಗೆ ಅಳತಿ ಸಿಗತದ. ಆಮ್ಯಾಲ ರೈತರ ಮನಿಗೆ ಹೋಗ್ರಿ.

ಬೈಲಹೊಂಗಲ_ಹೊಲ
ಮುಂದ ಮರಿ ಮಾಡಿಸೋವಾಗ ಗಂಡು ಆರಿಸೋದು ಹೆಂಗ? ಈಗ ಕೇಳಿ ಇಟ್ಟುಕೋತೀನಿ.

ಪಶುವೈದ್ಯ_ವಿಜಯಪುರ
ಎರಡು ರೋಗ ಮೊದಲು. ಒಂದು, ಕೂಡುವಾಗ ಅಂಟುವ ಗಡ್ಡೆ. ಬೀದಿ ನಾಯಿಗಳಲ್ಲಿ ಸಾಮಾನ್ಯ. ಗಂಡಿನ ಅಂಗದಿಂದ ರಕ್ತದ ಹನಿ, ಹೂಕೋಸಿನಂಥ ಗಂಟು ಇದ್ದರೆ ಹತ್ತಿರವೂ ಬಿಡಬೇಡಿ. ಚರ್ಮ ಪೂರ್ತಿ ಹಿಂದಕ್ಕೆ ಸರಿಸಿ ವೈದ್ಯರ ಕೈಲಿ ನೋಡಿಸಿ, ಗಂಟು ಬುಡದಲ್ಲಿ ಅಡಗಿರುತ್ತದೆ. ಇದು ವಾಸಿಯಾಗುವಂಥದ್ದು, ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್, ಹಲವು ವಾರ. ಎರಡನೆಯದು ಬ್ರುಸೆಲ್ಲಾ. ಹೊರಗೆ ಏನೂ ಕಾಣುವುದಿಲ್ಲ, ಹೆಣ್ಣು ಗರ್ಭದ ಏಳನೇ-ಎಂಟನೇ ವಾರದಲ್ಲಿ ಕಂದು ಹಾಕುತ್ತದೆ (ಗರ್ಭಪಾತ). ರಕ್ತ ಪರೀಕ್ಷೆಯಿಂದ ಮಾತ್ರ ತಿಳಿಯುತ್ತದೆ, ಪೂರ್ತಿ ವಾಸಿಯಾಗುವುದು ಕಷ್ಟ, ಮನುಷ್ಯರಿಗೂ ಅಂಟುತ್ತದೆ. ಗಂಡು-ಹೆಣ್ಣು ಎರಡಕ್ಕೂ ಮಾಡಿಸಿ.

ದಿನ ಹಿಡಿಯುವುದು: ಮೊದಲ ರಕ್ತ ಕಂಡ ದಿನದಿಂದ ಎಣಿಸಿ 10ರಿಂದ 14ನೇ ದಿನದ ಒಳಗೆ, ಹೆಣ್ಣು ಬಾಲ ಬದಿಗೆ ಸರಿಸಿ ನಿಲ್ಲಲು ಶುರು ಮಾಡಿದಾಗ, 48 ತಾಸು ಬಿಟ್ಟು ಎರಡು ಸಲ. ದೂರದಿಂದ ಗಂಡು ತರುವುದಾದರೆ ಅಂದಾಜಿಗೆ ಬಿಡಬೇಡಿ, ಪ್ರೊಜೆಸ್ಟಿರಾನ್ ಪರೀಕ್ಷೆ ಮಾಡಿಸಿ. ಮನುಷ್ಯರ ರಕ್ತ ಪರೀಕ್ಷೆ ಮಾಡುವ ದೊಡ್ಡ ಲ್ಯಾಬಿನಲ್ಲೂ ಆಗುತ್ತದೆ. 5 ನ್ಯಾನೋಗ್ರಾಂ ಸುಮಾರು ಬಂದರೆ ಅಂಡ ಬಿಡುಗಡೆ ಆಗಿದೆ ಎಂದು ತಿಳಿದು ಎರಡು ದಿನ ಬಿಟ್ಟು ಕೂಡಿಸಿ.

ಸಂತಾನಹರಣ ಮಾಡಿಸುವವರಿಗೂ ಒಂದು ಮಾತು: ಈ ಮೈಕಟ್ಟಿನ ನಾಯಿಗಳಲ್ಲಿ ಕೊಬ್ಬು ಕಡಿಮೆ, ಥಯೋಪೆಂಟೋನ್ ಕೊಟ್ಟರೆ ಎಚ್ಚರವಾಗಲು ಬಹಳ ಹೊತ್ತು ಹಿಡಿಯುತ್ತದೆ. ಬೇರೆ ಅರಿವಳಿಕೆ ಬಳಸಲು ಮೊದಲೇ ಕೇಳಿಕೊಳ್ಳಿ.

ಘಟಪ್ರಭಾ_ದಂಡಿ
ಗುಣದ ಮಟ್ಟಿಗೆ: ನಿಮ್ಮ ಹೆಣ್ಣಿನ್ಯಾಗ ಒಂದು ಕೊರತಿ ಇದ್ರ ಅದು ಇಲ್ಲದ ಗಂಡು ಹುಡುಕ್ರಿ. ಎದಿ ಸಪೂರ ಇದ್ರ ಎದಿ ಆಳ ಇದ್ದ ಗಂಡು. ಆದ್ರ ಮಿತಿಮೀರಿ ದೊಡ್ಡ ಗಂಡು ತಂದು ಸರಿದೂಗಿಸ್ತೀನಿ ಅನ್ನಬ್ಯಾಡ್ರಿ, ಮರಿ ಎಲ್ಲಾ ನಡುಮಟ್ಟದ್ದೇ ಬರತಾವ ಅನ್ನೋ ಖಾತ್ರಿ ಇಲ್ಲ, ಒಂದು ಈ ಕಡೆ ಒಂದು ಆ ಕಡೆ ಬರಬಹುದು. ಅಂಜುಬುರುಕತನ ಮಾತ್ರ ಎರಡೂ ಕಡೆ ಇರಬಾರದು, ಅದನ್ನ ಗಂಡು ಬದಲಿಸಿ ತೊಳೆಯಾಕ ಆಗಂಗಿಲ್ಲ.

ಬೈಲಹೊಂಗಲ_ಹೊಲ
ಹಂಗಾದ್ರ ಲೋಕಾಪುರ ಬಿಟ್ಟೆ. ಐತವಾರ ತಿಮ್ಮಾಪುರ ನೋಡಿ, ಅಲ್ಲಿಂದ ರೈತರ ಮನಿಗೆ ಹೋಗ್ತೀನಿ. ಮರಿ ಏಳು ವಾರದ್ದು, ಆರು ಹೆಸರು ಕೇಳಿ, ತಾಟು ಬಿಟ್ಟು ನೋಡಿ, ಎಂಟು ವಾರ ತುಂಬಿದ ಮ್ಯಾಲ ತರೋದು. ತರುವಾಗ ಏನು ಬೇಕು?

ಘಟಪ್ರಭಾ_ದಂಡಿ
ಐತವಾರನೇ ಒಂದು ಹಳೇ ಸೀರಿ ತುಂಡು ಕೊಟ್ಟು ಬರ್ರಿ, ತಾಯಿ ಮಲಗೋ ಜಾಗದಾಗ ಹಾಸಲಿ. ಕುನ್ನಿ ತರುವಾಗ ಅದನ್ನ ತಗೊಂಡು ಬರ್ರಿ, ಮೊದಲ ರಾತ್ರಿ ಅದರ ಮ್ಯಾಲ ಮಲಗಿಸ್ರಿ. ತೊಳೀಬ್ಯಾಡ್ರಿ.

ಪಶುವೈದ್ಯ_ವಿಜಯಪುರ
ಹೊರಡುವ ಮೂರು ತಾಸು ಮೊದಲು ಊಟ ನಿಲ್ಲಿಸಲು ಹೇಳಿ, ನೀರು ಇರಲಿ. ಅಲ್ಲಿ ತಿನ್ನುತ್ತಿದ್ದ ಹಿಟ್ಟು-ನುಚ್ಚನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ, ಊಟ ನಿಧಾನಕ್ಕೆ ಬದಲಿಸಿ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇವೆಯೇ ಹೊರಡುವ ಮುಂಚೆಯೇ ನೋಡಿ. ಎರಡು-ಮೂರು ದಿನದೊಳಗೆ ವೈದ್ಯರಿಗೆ ತೋರಿಸುವೆ, ರೋಗ ಇದ್ದರೆ ವಾಪಸ್ ಎಂದು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಪಾರ್ವೋ (ವಾಂತಿ-ಭೇದಿ ತರುವ ವೈರಸ್ ರೋಗ) ತಗುಲಿದ ಮರಿ ನಾಲ್ಕೈದು ದಿನ ಚೆನ್ನಾಗಿಯೇ ಆಡುತ್ತದೆ, ಆಮೇಲೆ ಊಟ ಬಿಟ್ಟು ವಾಂತಿ. ಹಾಗಾಗಿ ಮೊದಲ ವಾರ ಬೇರೆ ನಾಯಿಗಳ ಹತ್ತಿರ, ಸಂತೆ ಕಡೆ ಒಯ್ಯಬೇಡಿ.